ಹುಡುಗನ ಮುಖದ ಮೇಲೆ ಟಾಸ್ಕ್ ಮ್ಯಾನೇಜರ್

ರೈಲು ನಿಲ್ದಾಣದ ಬೆಂಚಿನಲ್ಲಿ ಕೂತಿದ್ದ ಹೊಲಿಗೆಯಾಕೆಗೆ ಪಕ್ಕದಲ್ಲಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಹುಡುಗನ ಮುಖಾನೇ ನೋಡದೆ ಮದುವೆಗೆ ಒಪ್ಕೊಂಡ್ಯಾ?”

“ಕಂಪ್ಯೂಟರ್ ಯಾಕೆ ನಿಧಾನ ಅಂತ ನೋಡೋಕೆ ಟಾಸ್ಕ್ ಮ್ಯಾನೇಜರ್ ಕಿಟಕಿ ತೆರೆದಿದ್ದೆ ಅಕ್ಕಾ. ಅಷ್ಟರಲ್ಲಿ ಅವರ ವಿಡಿಯೋ ಕಾಲ್ ಬಂತು. ಆ ಕಿಟಕಿ ಸರಿಯಾಗಿ ಅವರ ಮುಖದ ಮೇಲೇ ಕೂತ್ಬಿಡ್ತು.”

“ಸೆಟ್ಟಿಂಗ್ಸಲ್ಲಿ ‘ಯಾವಾಗಲೂ ಮೇಲೆ’ ಅನ್ನೋ ಟಿಕ್ ತೆಗೆದಿದ್ರೆ ಹಿಂದೆ ಸರೀತಿತ್ತಲ್ಲೇ!”

“ಗೊತ್ತು. ಆಫೀಸಲ್ಲಿ ಎಲ್ರಿಗೂ ನಾನೇ ತೆಗೆದುಕೊಡೋದು.”

“ಮತ್ತೆ?”

“ಮುಖ ಕಂಡಿದ್ರೆ ಮೂಗು ಹೀಗೆ, ಕೂದಲು ಹಾಗೆ ಅಂತ ಅಳೀತಾ ಕೂರ್ತಿದ್ದೆ. ಕಾಣ್ಲಿಲ್ಲ, ಅದಕ್ಕೇ ಮಾತು ಕೇಳಿದೆ. ತಾವು ಮಾಡಿದ ಅಡುಗೆ ಸೀದುಹೋದ ಕತೆ ಹೇಳಿ ತಾವೇ ಬಿದ್ದುಬಿದ್ದು ನಕ್ರು. ನಂಗೆ ಅಷ್ಟು ಸಾಕಾಯ್ತು.”

ರೈಲು ಬಂದು ನಿಂತಿತು. ಜನ ದಬದಬನೆ ಇಳಿದರು.

“ಇಷ್ಟು ಜನದಲ್ಲಿ ಅವನನ್ನ ಹೇಗೆ ಗುರುತು ಹಿಡೀತೀಯೇ, ಮಹರಾಯ್ತಿ?”

“ಅವರೇ ಹಿಡೀತಾರೆ ಬಿಡು. ನನ್ನ ಮುಖಕ್ಕೇನೂ ಅಡ್ಡ ಇರ್ಲಿಲ್ಲ.”

ತಂಗಿ ಕೈ ಬೀಸುತ್ತ ನಡೆದೇಬಿಟ್ಟಳು. ಅಕ್ಕ ಚೀಲ ಎತ್ತಿಕೊಂಡು ಹಿಂದೆ ಓಡಿದಳು. ತನ್ನ ರೈಲು ಅದಲ್ಲದಿದ್ದರೂ ಹೊಲಿಗೆಯಾಕೆ ಕತ್ತು ಉದ್ದ ಮಾಡಿ ಎದ್ದು ನಿಂತಳು.