ಎಡಗಡೆ ಗಲ್ಲ

...ಅದೇನ ಬ್ರಷ್ಷೋ ಏನೋ, ಮೊದ್ಲ ಕೆಳಗಿಡು ನೇತ್ರಾ. ತಂಗಿ ಮಗಳಂತ ಚಾ ಕೊಟ್ಟೇನಿ, ನನ್ನ ಬಾಯಾಗ ಕೈ ಹಾಕಂತ ಅಲ್ಲ. ಖರೇ ಹೇಳು, ನಿನ್ನ ಯಾರು ಕಳಸ್ಯಾರ? ನನ್ನ ಮಗ ಓಂಕಾರ? ಏನ, ಬೆಳಗಾವಿ ಕಾಲೇಜಿನವ್ರು? ಕಾಲೇಜಿಗೆ ಖಾನಾಪುರದ ಕಾಶವ್ವನ ಉಗುಳು ಯಾಕ ಬೇಕಾತು?

ಹೇಳೀ, ಹೇಳೀ. ಹೊಗಿಸೊಪ್ಪು ಸುಟ್ಟು ಮಿಶ್ರಿ ಮಾಡಿ ಹಲ್ಲಿಗೆ ತಿಕ್ಕೂ ಹೆಂಗಸರದು ಒಂದೀಟು, ತಿಕ್ಕಲಾರದವ್ರದು ಒಂದೀಟು, ಬಾಜು-ಬಾಜು ಇಟ್ಟು ನೋಡತೀರಿ. ಮೈಯಾಗಿನ ಜೀವಕಣಗೋಳು ಒಂದಕ್ಕೊಂದು ಸುದ್ದಿ ಮುಟ್ಟಸ್ತಾವು. "ಸಾಕು, ಬೆಳೀಬ್ಯಾಡ" ಅಂದ್ರ ನಿಂದರತಾವು. ಕೆಟ್ಟ ಕಣಕ್ಕ ಆ ಮಾತು ಮುಟ್ಟಾಂಗಿಲ್ಲ, ಬೆಳಕೋಂತಽ ಹೋಗತೈತಿ, ಅದಽ ಕ್ಯಾನ್ಸರ್. ತಿಳೀತವಾ. ನಮ್ಮ ಸೊಸಿನೂ ಹಂಗಽ, ಸಾಕು ಅಂದ್ರ ಕೇಳಾಂಗಿಲ್ಲ. ಯಾಕ ನಗತಿ?

ನನ್ನ ತಿಕ್ಕಲಾರದವ್ರಾಗ ಬರಕೋ. ಬೆರಳ ಯಾಕ ನೋಡ್ತಿ? ಒಲಿ ಮಸಿ ಅದು. ಗ್ಯಾಸ್ ಐತಿ, ನೀರು ಕಾಯ್ಸೂದು ಮಾತ್ರ ಒಲಿ ಮ್ಯಾಲ.

ಆತು, ನಿನ್ನ ಮಾರಿ ನೋಡಿ ಬಾಯಿ ತಗೀತೇನಿ. ಬಲಗಡೆ ಗಲ್ಲದಾಗ ಉಜ್ಜಿಕೋ... ಏ, ಎಡಗಡೆ ಯಾಕ? ಎಲ್ಲಾರದೂ ಎಡಗಡೇನಽ ತಗೊಂಡೀ? ಸುಳ್ಳು. ಬಾಜೂಮನಿ ಸಂಗವ್ವ ಹೇಳ್ಯಾಳ ನಿನಗ, ಕಾಶವ್ವ ಎಡಗಡೆ ಅಗಿಯೂದು ಬಿಟ್ಟಾಳಂತ. ಹಲ್ಲು ತಾಗಿ ಸ್ವಲ್ಪ ಗಾಯ ಆಗೇತಿ, ಅಷ್ಟಽ. ನೋಡಬೇಕಾ? ನೋಡು. ಮೊಬೈಲ್ ಬ್ಯಾಟರಿ ಹಚ್ಚಿ ನೋಡು...

ನೋಡಿದೆಲ್ಲಾ? ಬ್ರಷ್ ಯಾಕ ಚೀಲದಾಗ ಇಟ್ಟಿ?

ಬಾಯಿಹುಣ್ಣು ಅನ್ನು. ಖಾರ ತಿಂದದ್ದಕ್ಕ ಅನ್ನು. ಖಾರ ಬಿಟ್ಟು ದೀಪಾವಳಿನೂ ಹೋತು, ಮಾಯ್ದಿಲ್ಲ... ಆದ್ರೂ ಅನ್ನು.

ಮಿಶ್ರಿ ತಿಕ್ಕತೇನಿ. ಬರಕೋ.

ಪಾರಿಶ್ವಾಡದ ಭರಮವ್ವಗ ಹಿಂಗಽ ಹುಣ್ಣಾಗಿ ದವಡಿ ತಗದ್ರು. ಜೀವ ಉಳೀತು, ಖರೇ. ಈಗ ಕೈಸನ್ನಿ ಮಾಡಿ ನೀರು ಕೇಳತಾಳ. ನಾ ಸಂತ್ಯಾಗ ಒದರಿ ಕಾಯಿಪಲ್ಲೆ ಮಾರಾಕಿ, ನೇತ್ರಾ. ಮಾತು ಹೋದ್ರ ನನ್ನ ಕಡೆ ಏನ ಉಳೀತು? ಅದಕ್ಕಽ ಯಾರಿಗೂ ತೋರಿಸಲಿಲ್ಲ. ಅಂಜಿಕಿ ಆಗತೈತಿ ನನಗ.

ಬೈಯಬೇಕಂದ್ರ ಬೈ. ಇಷ್ಟು ದಿನ ಯಾಕ ಮುಚ್ಚಿಟ್ಟಿ ದೊಡ್ಡವ್ವಾ ಅನ್ನು. ಫೋನ್ ಯಾರಿಗೆ ಹಚ್ಚಾಕತ್ತಿ, ಬೆಳಗಾವಿ ಡಾಕ್ಟರಿಗ?

...

ಮುಂಜಾನೆ ಬೆಳಗಾವಿ ಬಸ್ಸಿಗೆ ಬರತೇನಿ. ಆದ್ರ ಡಾಕ್ಟರ್ ಮುಂದ ನೀ ಮಾತಾಡಬ್ಯಾಡ. ಮಾತು ಇರೂತನ ನಾನಽ ಮಾತಾಡತೇನಿ.