ಶ್ಯಾಮನ ಲೋಟಾ

ಟಣ್... ಟಣ್... ಟಣ್.

ದೂರದವರ ಕತೆಯಲ್ಲ ಇದು. ಕೋಥರೂಡದ ನಮ್ಮ ಸೊಸೈಟಿಯಲ್ಲೇ, ಎರಡನೆಯ ಮಹಡಿಯ ಕೃಷ್ಣಾಬಾಯಿಗೆ ಆದದ್ದು. 1998ರ ದೀಪಾವಳಿ ಮುಗಿದ ವಾರ. ಕೊನೆಯ ಬಸ್ಸಿಳಿದು ಹಳೆಯ ಬಾವಿಯ ತನಕ ಬಂದಿದ್ದರಷ್ಟೆ. ಸ್ಟೀಲಿನ ಲೋಟಾಕ್ಕೆ ಚಮಚ ಬಡಿದ ಸದ್ದು. ಮೂರೇ ಸಲ.

ನಿಂತರು. ಬಾವಿಗೆ ಎಂದೋ ಕಬ್ಬಿಣದ ಜಾಳಿಗೆ ಹಾಕಿಸಿದ್ದರು. ಒಳಗೆ ಬರೀ ಕತ್ತಲೆ. ನಾಲ್ಕು ಹೆಜ್ಜೆ ನಡೆದರು. ಬೆನ್ನ ಹಿಂದೆ... ಟಣ್... ಟಣ್... ಟಣ್.

ಆ ಸದ್ದು ಅವರಿಗೆ ಗೊತ್ತಿತ್ತು. ಅವರೇ ಕಲಿಸಿದ್ದು.

ಮೈದುನ ಶ್ಯಾಮನಿಗೆ ಗಂಟಲಿನ ಆಪರೇಶನ್ ಆಗಿತ್ತು. ಎಂಟು ದಿನ ಮಾತಾಡಬಾರದು ಅಂದಿದ್ದರು ಡಾಕ್ಟರು. ಅವನ ಮುಂಜಿಯಲ್ಲಿ ಬಂದ, ಹೆಸರು ಕೆತ್ತಿದ ಲೋಟಾ ತಂದು ದವಾಖಾನೆಯ ಹಾಸಿಗೆಯ ಪಕ್ಕ ಇಟ್ಟು ಕೃಷ್ಣಾಬಾಯಿ, "ಏನರೆ ಬೇಕಾದ್ರ ಮೂರು ಸಲ ಬಾರಸು, ನಾ ಇದ್ದೇನಿ" ಅಂದಿದ್ದರು. ಫ್ಯಾನ್ ಹಚ್ಚು ಅಂತಲೂ, ಆರಿಸು ಅಂತಲೂ ಬಾರಿಸಿ ವೈನಿಯನ್ನು, ಅಂದರೆ ಅತ್ತಿಗೆಯನ್ನು, ಕಾಡುತ್ತಿದ್ದ. ನಾಲ್ಕನೆಯ ರಾತ್ರಿ ಗಂಟಲಿನ ಗಾಯ ಒಡೆದು ರಕ್ತ ಹರಿಯಿತು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟ.

ಕೃಷ್ಣಾಬಾಯಿ ಧಾರವಾಡದಲ್ಲಿ ಬಿ.ಎ. ಮಾಡಿದವರು. ಶ್ಯಾಮನ ಜ್ವರ, ಔಷಧ, ಸಲೈನ್ ಎಲ್ಲ ತಾಸು ನಿಮಿಷ ಹಿಡಿದು ಅವರ ವಹಿಯಲ್ಲಿ, ಆ ನೋಟುಬುಕ್ಕಿನಲ್ಲಿ, ಬರೆದಿತ್ತು. ನಲವತ್ತು ಹಾಸಿಗೆಗೆ ರಾತ್ರಿ ಒಬ್ಬಳೇ ನರ್ಸ್ ಇದ್ದದ್ದೂ ಅದರಲ್ಲಿತ್ತು. ಆ ವಹಿ ಹಿಡಿದು ಆರು ತಿಂಗಳು ದವಾಖಾನೆಗೆ ಅಲೆದ ಮೇಲೆ ಚೌಕಶಿ, ಅಂದರೆ ವಿಚಾರಣೆ, ಕೂತಿತ್ತು. ಆ ಸಂಜೆ ಅಲ್ಲಿ ಒಂದು ಸಾಲು ಗಟ್ಟಿಯಾಗಿ ಓದಿ ಬಂದಿದ್ದರು: "ರಾತ್ರಿ 2-10. ಶ್ಯಾಮ ಬಾರಿಸಿದ. ನರ್ಸನ್ನು ಎರಡು ಸಲ ಕರೆದೆ. ಬರಲಿಲ್ಲ."

ನರ್ಸ್ ಸ್ನೇಹಲ್, ಇಪ್ಪತ್ತೆರಡರ ಹುಡುಗಿ, ಮರಾಠಿಯಲ್ಲಿ ಇಷ್ಟೇ ಅಂದಿದ್ದಳು: "ಮಾವಶಿ, ನೀವು ಕರೆದಿದ್ದರೆ ನಾನು ಓಡಿ ಬರುತ್ತಿದ್ದೆ."

ಮರುದಿನ ಹನ್ನೊಂದಕ್ಕೆ ಕೃಷ್ಣಾಬಾಯಿ ಆ ಸಾಲಿನ ಕೆಳಗೆ ಸಹಿ ಮಾಡಿದರೆ ಅವಳ ನೌಕರಿ ಹೋಗುವುದಿತ್ತು.

ಆ ರಾತ್ರಿ ಬಾವಿಯ ಕಡೆಯಿಂದ ಓಡಿ ಬಂದಾಗ ಮನೆಯ ಬಾಗಿಲು ತೆರೆದವಳು ಶ್ಯಾಮನ ಹೆಂಡತಿ ವರದಾ.

"ಯಾಕ್ರಿ ವೈನಿ, ಇಷ್ಟ್ಯಾಕ ಬೆವತೀರಿ?"

"ಕೇಳಸ್ತದೇನ ನಿನಗ?"

"ಏನು?"

"ಲೋಟಾ..."

ವರದಾ ದನಿ ತಗ್ಗಿಸಿದಳು. "ಅದನ್ನ ಅಸ್ಥಿ ಜೋಡಿ ಆಳಂದಿ ಹೊಳಿಗೆ ಬಿಟ್ಟೀವಲ್ರಿ. ನೀವ ಕೈಯಾರೆ ಬಿಟ್ರಿ."

ಆಗ ಅಡುಗೆಮನೆಯಿಂದ... ಟಣ್... ಟಣ್... ಟಣ್.

ಈ ಸಲ ವರದಾಳಿಗೂ ಕೇಳಿಸಿತು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನಾ ಕರೀಲಿಲ್ಲ ವರದಾ..."

"ಯಾರನ್ನ?"

"ನರ್ಸನ್ನ. ನಿದ್ದಿ ಹತ್ತಿತ್ತು. ಅಂವ ಬಾರಿಸಿದ್ದು ಕೇಳಿಸ್ತು... ಹಾಲಿನಂವಾ ಬಂದಾನ ಅಂತ ಕನಸಿನ್ಯಾಗ ಅನಿಸ್ತು. ಮಗ್ಗಲಾದೆ. ಮುಂಜಾನೆ ನೋಡಿದ್ರ ವಹ್ಯಾಗ ಆ ರಾತ್ರಿ ಖಾಲಿ. ನನ್ನ ವಹ್ಯಾಗ, ಖಾಲಿ! ತುಂಬಿಸಿಬಿಟ್ಟೆ."

ವರದಾ ಅಳಲಿಲ್ಲ. "ಆರು ತಿಂಗಳಿಂದ ಆ ಹುಡುಗಿಗೆ ಶಾಪ ಹಾಕ್ಲಿಕತ್ತೀನ್ರಿ ನಾ" ಅಂದಳು. ಆಮೇಲೆ, "ನನ್ನ ಮುಂದ ಹೇಳಿ ಏನಾತು? ಅಕಿ ಮುಂದ ಹೇಳ್ರಿ."

"ಒಂದ ಸಾಲು ಸುಳ್ಳಾದ್ರ, ಉಳದದ್ದು ಯಾರು ನಂಬ್ತಾರ?"

ಅಡುಗೆಮನೆಯಲ್ಲಿ... ಟಣ್. ಒಂದೇ ಸಲ. ಆಮೇಲೆ ರಾತ್ರಿಯಿಡೀ ಏನೂ ಇಲ್ಲ. ಇಬ್ಬರೂ ದೀಪ ಆರಿಸಲಿಲ್ಲ.

ಮರುದಿನ ಚೌಕಶಿಯಲ್ಲಿ ಎಲ್ಲರೆದುರು ಕೃಷ್ಣಾಬಾಯಿ ಆ ಸಾಲಿಗೆ ಗೀಟು ಹೊಡೆದರು. ಯಾಕೆ ಅಂತಲೂ ಹೇಳಿದರು. ತಲೆ ಎತ್ತಲಾಗಲಿಲ್ಲ. ಸ್ನೇಹಲ್ ಅವರ ಕಡೆ ನೋಡದೆ ಎದ್ದು ಹೋದಳು, ವಾರ್ಡಿಗೆ. ದೊಡ್ಡ ಡಾಕ್ಟರು ವಹಿ ಮುಚ್ಚಿ, ನಮ್ರವಾಗಿ ಕೈಗೆ ಕೊಟ್ಟರು. ನಲವತ್ತು ಹಾಸಿಗೆಗೆ ಒಬ್ಬಳೇ ಯಾಕೆ ಅನ್ನುವ ಮಾತನ್ನು ಮುಂದೆ ಯಾರೂ ಎತ್ತಲಿಲ್ಲ.

ಮನೆಗೆ ಬಂದಾಗ ಮಟಮಟ ಮಧ್ಯಾಹ್ನ. ಬೀಗ ಹಾಕಿದ್ದು ಹಾಕಿದ ಹಾಗೆ. ವರದಾ ಜೊತೆಯಲ್ಲೇ ಇದ್ದಳು. ಮುಂಜಾನೆ ತೊಳೆದಿಟ್ಟ ತಾಟುಗಳ ನಡುವೆ ಒಂದು ಲೋಟಾ ಬೋರಲಾಗಿತ್ತು. ಒದ್ದೆ. ಮೇಲೆ ಕೆತ್ತಿದ ಅಕ್ಷರ: "ಚಿ. ಶ್ಯಾಮ, ಮುಂಜಿ, 1971."

ಸುಳ್ಳು ಅನ್ನುವವರು ಅನ್ನಲಿ, ನಡೆದದ್ದು ನಡೆದದ್ದೇ. ಕೃಷ್ಣಾಬಾಯಿಯ ವಹಿ ಇನ್ನೂ ಇದೆ. ಅದರಲ್ಲಿ ಅವರು ಬರೆದ ಕೊನೆಯ ಸಾಲು: "ಮಧ್ಯಾಹ್ನ 1-25. ಲೋಟಾ ಎತ್ತಿದೆ. ಕೆಳಗೆ ಹಿಡಿಯಷ್ಟು ಹೊಳೆಯ ಉಸುಕು. ವರದಾ ನೋಡಿದ್ದಾಳೆ."