ಮರುಚಪ್ಪಾಳೆ ಬರುವ ತನಕ

ಸೇರಿರುವ ಹಿರಿಯರೇ, ಗೆಳೆಯರೇ — ಮುಂದೆ ಚಾಪೆಯ ಮೇಲೆ ಕುಳಿತಿರುವ ಲಿತಿಯಾ ಅಮ್ಮ, ಮೊದಲ ನಮಸ್ಕಾರ ನಿಮಗೆ. ಸುವಾ ನಗರದ ನಮ್ಮ ದವಾಖಾನೆ ಸಂಸ್ಥೆಯ ಕಂಪ್ಯೂಟರ್ ಕೋಣೆಯಲ್ಲಿ, ನಮ್ಮನ್ನು ಅಗಲಿದ ನಿಮ್ಮ ಯಜಮಾನರು ಅಪೆನಿಸಾ ಅವರ ಪಕ್ಕದ ಕುರ್ಚಿಯಲ್ಲಿ ನಾನು ಅರ್ಧ ಆಯುಷ್ಯ ಕಳೆದವನು.

ಅಲ್ಲಿ ಎಲ್ಲಕ್ಕಿಂತ ದೊಡ್ಡ ಬೀಗದ ಕೈ ಅಪೆನಿಸಾ ಅವರದ್ದೇ. ಯಾವ ಡೇಟಾಬೇಸನ್ನಾದರೂ ತೆರೆಯಬಹುದು, ಅಳಿಸಬಹುದು — ಕೇಳುವವರಿಲ್ಲ. ಒಂದು ದಿನ ಪರೀಕ್ಷೆಗೆಂದು ಮಾಡಿಕೊಂಡಿದ್ದ ನಕಲನ್ನು ಅಳಿಸಲು ಹೋಗಿ, ಹೊರ ದ್ವೀಪಗಳ ಮಕ್ಕಳ ಲಸಿಕೆಯ ಅಸಲಿ ದಾಖಲೆಯನ್ನೇ ಅಳಿಸಿಬಿಟ್ಟರು. ಕಾಪಿಟ್ಟ ಪ್ರತಿ ತೀರ ಹಳೆಯದು. ಯಾವ ಮಗುವಿಗೆ ಸೂಜಿ ಆಗಿದೆ, ಯಾವುದಕ್ಕಿಲ್ಲ — ನರ್ಸ್‌ಗಳು ದೋಣಿ ಹತ್ತಿ ಮನೆಮನೆಗೆ ಹೋಗಿ ಕೇಳಬೇಕಾಯಿತು. ಅವತ್ತು ಅವರು ಹೇಳಿದ್ದು ನನಗೆ ಮರೆತಿಲ್ಲ.

"ಖಚಿತವಾ ಅಂತ ಯಂತ್ರ ಕೇಳ್ತು ಕಣಯ್ಯಾ ಪೆರುಮಾಳ್. ಹೌದು ಅಂದವನೂ ನಾನೇ. ಪಕ್ಕದಲ್ಲಿ ಇನ್ನೊಬ್ಬ ಇರ್ಬೇಕಿತ್ತು."

ಆಮೇಲೆ ತಮ್ಮ ಅಧಿಕಾರಕ್ಕೆ ತಾವೇ ಕತ್ತರಿ ಹಾಕಿಕೊಂಡರು. ಎಷ್ಟೇ ದೊಡ್ಡವರಾದರೂ ಒಬ್ಬರೇ ಅಳಿಸುವಂತಿಲ್ಲ. ಇನ್ನೊಬ್ಬರು ತಮ್ಮ ಯಂತ್ರದಿಂದ ಒಪ್ಪಬೇಕು. ಆ ಒಪ್ಪಿಗೆ ಕಣ್ಣುಮುಚ್ಚಿ ಒತ್ತುವ ಗುಂಡಿ ಆಗಬಾರದಲ್ಲ? ಅದಕ್ಕೇ ಸುತ್ತ ಕೂತು ಯಂಗೋನ ಬೇರಿನ ಪಾನೀಯ ಕುಡಿಯುವಾಗಿನ ನಮ್ಮ ಚಪ್ಪಾಳೆ ಪದ್ಧತಿಯನ್ನು ಕೋಣೆಗೆ ತಂದರು. ಅಳಿಸುವವರು ದಾಖಲೆಯ ಹೆಸರನ್ನು ಗಟ್ಟಿಯಾಗಿ ಓದಿ, ಅಂಗೈ ಬಟ್ಟಲು ಮಾಡಿ — ಹೀಗೆ — ಒಂದು ಚಪ್ಪಾಳೆ. ಒಪ್ಪುವವರು ಪರದೆ ನೋಡಿ ಮೂರು ಚಪ್ಪಾಳೆ. ಉತ್ತರ ಬಾರದಿದ್ದರೆ ಏನೂ ಅಳಿಯದು. ಇದು ಕಚೇರಿಯೋ, ಯಂಗೋನದ ಚಪ್ಪರವೋ ಎಂದು ಪಕ್ಕದ ವಿಭಾಗದವರು ಛೇಡಿಸಿದ್ದೇ ಛೇಡಿಸಿದ್ದು.

ಒಂದು ಮಧ್ಯಾಹ್ನ, ಊಟದ ಆತುರ. ಅಪೆನಿಸಾ ಏನೋ ಗೊಣಗಿ ಚಪ್ಪಾಳೆ ತಟ್ಟಿದರು. ಒಪ್ಪಬೇಕಿದ್ದ ನಮ್ಮ ಕೋಣೆಯ ಮೆರೆಸೆಯಿನಿ — ಅಗೋ, ಹಿಂದೆ ನಿಂತಿದ್ದಾಳೆ — ಕೈ ಎತ್ತಲಿಲ್ಲ.

"ಹೆಸರು ಕೇಳಿಸ್ಲಿಲ್ಲ ಮಾವಾ. ಇನ್ನೊಂದ್ಸಲ ಓದಿ."

ಓದಿದರು — ಅರ್ಧಕ್ಕೇ ನಿಂತರು. ಮತ್ತದೇ ಮಕ್ಕಳ ದಾಖಲೆ. ತಮ್ಮ ಊಟದ ಡಬ್ಬಿಯನ್ನು ಅವಳ ಮುಂದಿಟ್ಟು, ಕುರ್ಚಿಯಲ್ಲಿ ಕುಸಿದು ನಗತೊಡಗಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆ ನಗು, ಬೇಯಿಸಿದ ಮರಗೆಣಸಿನ ಆ ವಾಸನೆ — ಬಹಳ ನೆನಪಾಗುತ್ತದೆ, ಲಿತಿಯಾ ಅಮ್ಮ. ತಡೆದುಕೊಳ್ಳಲು ಆಗುತ್ತಿಲ್ಲ.

ಇವತ್ತು ಬೆಳಿಗ್ಗೆ ಕಚೇರಿಯಿಂದ ಸೂಚನೆ ಬಂತು: ಅಪೆನಿಸಾ ಅವರ ಹೆಸರನ್ನು ಯಂತ್ರದಿಂದ ತೆಗೆಯಬೇಕು. ನಿಯಮ ಸರಿಯಾಗಿಯೇ ಇದೆ. ನಾಳೆ ತೆಗೆಯುತ್ತೇವೆ. ಇವತ್ತು, ಅವರು ಕಲಿಸಿದ ಹಾಗೆ ಹೆಸರು ಓದಿ ಒಂದು ಚಪ್ಪಾಳೆ ತಟ್ಟುತ್ತೇನೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ — ಮೌನವಾಗಿ.

ಅಪೆನಿಸಾ ಕೊರೊಯಿ.

— ಯಾರೂ ಮರುಚಪ್ಪಾಳೆ ತಟ್ಟಬೇಡಿ.